ಚರ್ಚಿನ ಮಕ್ಕಳ ಮನೆಗೆ ಮಹಾಲಕ್ಷ್ಮಮ್ಮನ ಕಾವಲು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಸಂತನರಸಾಪುರದ ಕಾರ್ಖಾನೆಗಳ ಹಿಂದೆ, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಂದ ಸೌದೆ ಒಲೆಯ ಹೊಗೆ ಏಳುತ್ತಿದೆ. ತಲೆಗೆ ಮಫ್ಲರ್ ಸುತ್ತಿಕೊಂಡ ಮಹಾಲಕ್ಷ್ಮಮ್ಮ ಶೆಡ್ಡಿನಿಂದ ಶೆಡ್ಡಿಗೆ ನಡೆದು, ಬಾಗಿಲ ತಗಡನ್ನು ಬೆರಳಿನಿಂದ ತಟ್ಟುತ್ತಾರೆ. ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ಒಂದೊಂದಾಗಿ ಹೊರಗೆ ದಾಟಿಸುತ್ತಾರೆ. ಎತ್ತಿಕೊಳ್ಳುವ ಮೊದಲು ಆಕೆ ಮಗುವಿನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಕತ್ತಿನ ತಾಯತ, ಸೊಂಟದ ಕರಿದಾರ, ಕೈಯ ಬಳೆ ಎಲ್ಲವನ್ನೂ ತಡವಿ ನೋಡುತ್ತಾರೆ.

"ಸಂಜೆ ಒಪ್ಸೋವಾಗ ಇವೆಲ್ಲ ಹಂಗೇ ಇರ್ಬೇಕು. ಒಂದು ದಾರ ಕಾಣ್ದೆ ಹೋದ್ರೂ ಚರ್ಚಿನೋರು ಕಿತ್ತಾಕವ್ರೆ ಅಂತಾರೆ. ಕೇಳೋದು ನನ್ನನ್ನೇ" ಎನ್ನುತ್ತಾರೆ.

ಮಕ್ಕಳ ಸಾಲು ಹೊರಡುವುದು ರಸ್ತೆಯಾಚೆಯ ಶೀಟಿನ ಮನೆಗೆ. ತುಮಕೂರಿನ ಒಂದು ಸಣ್ಣ ಕ್ರೈಸ್ತ ಸಭೆ ಅದನ್ನು ಬಾಡಿಗೆಗೆ ಹಿಡಿದು, ಒಡಿಶಾ, ಜಾರ್ಖಂಡ್, ಬಿಹಾರಗಳಿಂದ ಬಂದ ಕೂಲಿಕಾರರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತದೆ. ಗೋಡೆಯ ಮೇಲೆ 'ಮಕ್ಕಳ ಮನೆ' ಎಂದು ಬರೆದಿದೆ. ಸುತ್ತಲಿನವರ ಬಾಯಲ್ಲಿ ಅದು ಚರ್ಚ್ ಮನೆ. ಮಕ್ಕಳಿಗೆ ಸ್ನಾನ ಮಾಡಿಸಿ, ಅನ್ನ ಬೇಯಿಸಿ ಉಣಿಸಿ, ಮಧ್ಯಾಹ್ನ ಚಾಪೆಯ ಮೇಲೆ ಸಾಲಾಗಿ ಮಲಗಿಸುವವರು ಮಹಾಲಕ್ಷ್ಮಮ್ಮ. ಆಕೆ ಕ್ರೈಸ್ತರಲ್ಲ. ಶನಿವಾರ ಒಪ್ಪತ್ತು ಮಾಡುವ, ಮನೆದೇವರಿಗೆ ಹರಕೆ ಹೊತ್ತ, ಗುಬ್ಬಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸಂಸಾರ ಹೂಡಿದ ಹೆಣ್ಣುಮಗಳು.

ನಾವು ಪತ್ರಿಕೆಯಿಂದ ಬಂದವರೆಂದು ತಿಳಿದಾಗಲೂ ಆಕೆ ಮೊದಲು ಕೇಳಿದ್ದು, "ಯಾರು ಕಳ್ಸಿದ್ದು ನಿಮ್ಮನ್ನ?" ಎಂದು. ಫೋಟೊ ಬೇಡವೆಂದರು. ನಮ್ಮ ಕೈಯಲ್ಲಿದ್ದ ಮೊಬೈಲು ಚೀಲದೊಳಗೆ ಹೋದ ಮೇಲೆಯೇ ಮಾತಿಗೆ ಕುಳಿತರು.

ಈ ಕೆಲಸ ಆಕೆ ಬಯಸಿ ಹಿಡಿದದ್ದಲ್ಲ. ಲಾಕ್‌ಡೌನ್ ಮುಗಿದ ಮೇಲೆ ಆಕೆ ದುಡಿಯುತ್ತಿದ್ದ ಗಾರ್ಮೆಂಟ್ಸ್ ಬಾಗಿಲು ತೆರೆಯಲೇ ಇಲ್ಲ. ಗಂಡ ತಿಮ್ಮರಾಜು ಮಂಡಿಯಲ್ಲಿ ಮೂಟೆ ಹೊರುವವರು; ಸೊಂಟ ಹಿಡಿದುಕೊಂಡಾಗ ಮನೆಯಲ್ಲೇ ಮಲಗಬೇಕು. ಮಗಳು ಮಂಜುಶ್ರೀ ಆಗಿನ್ನೂ ಓದುತ್ತಿದ್ದಳು. ಮಕ್ಕಳನ್ನು ನೋಡಿಕೊಳ್ಳುವವರು ಬೇಕಂತೆ ಎಂದು ಯಾರೋ ಹೇಳಿದಾಗ ಹೋದರು. ಚರ್ಚಿನವರು ಎಂದು ಗೊತ್ತಾದಾಗ ಹಿಂದಿರುಗಲು ಎದ್ದೇ ನಿಂತಿದ್ದರು.

ಸಭೆಯ ಪಾಲಕ, ಅಂದರೆ ಪಾಸ್ಟರ್, ಸುಗುಣಾನಂದ ಆಕೆಯನ್ನು ತಡೆದು, ತಾವು ಕಂಡದ್ದನ್ನು ಹೇಳಿದರು. ಶೆಡ್ಡುಗಳ ಕಡೆ ಹೋದಾಗ, ತಾಯಂದಿರು ಮಕ್ಕಳ ಸೊಂಟಕ್ಕೆ ಹಳೇ ಸೀರೆ ಬಿಗಿದು ಕಂಬಕ್ಕೆ ಕಟ್ಟಿ ಕೆಲಸಕ್ಕೆ ಹೋಗಿದ್ದರಂತೆ. ಬಿಟ್ಟರೆ ಲಾರಿಯ ಗಾಲಿಗೆ ಸಿಗುತ್ತಾರೆಂಬ ಭಯ.

"ಅದನ್ನ ಕೇಳಿ ಮತ್ತೆ ಕುಂತ್ಕೊಂಡೆ. ಆದ್ರೂ ಮೊದ್ಲೇ ಹೇಳ್ದೆ, ಅಯ್ನೋರೇ, ಮಕ್ಕಳ ಕೈಲಿ ಪ್ರಾರ್ಥನೆ ಗೀರ್ಥನೆ ಮಾಡ್ಸಂಗಿಲ್ಲ, ಹಣೆ ಮೇಲಿನ ಕುಂಕುಮ ಅಳ್ಸಂಗಿಲ್ಲ. ಆ ದಿನ ಬಂದ್ರೆ ನಾನು ಬಾಗಿಲು ಹಾಕ್ಕೊಂಡು ಹೊಂಟೋಯ್ತೀನಿ ಅಂತ."

ಸುಗುಣಾನಂದ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ಮಹಾಲಕ್ಷ್ಮಮ್ಮನಿಗೆ ಅನುಮಾನ ತಂದಿತು. ಪಟ್ಟಣದಿಂದ ಬಂದ ಹಾಲಿನ ಪುಡಿಯನ್ನು ಮೊದಲು ತಾವು ಕಲಸಿ ಕುಡಿದರು. ದಾನ ಬಂದ ಚಿತ್ರದ ಪುಸ್ತಕಗಳ ಹಾಳೆಯನ್ನೆಲ್ಲ ತಿರುವಿ ನೋಡಿದರು. ಸುಗುಣಾನಂದರ ಹೆಂಡತಿ ಮಕ್ಕಳಿಗೆ ಹಿಂದಿಯಲ್ಲಿ ಹಾಡೊಂದನ್ನು ಹೇಳಿಕೊಟ್ಟಾಗ, ಅದರ ಅರ್ಥವೇನೆಂದು ಕೇಳಲು ಸಂಜೆ ಶೆಡ್ಡಿನವರೆಗೂ ಹೋದರು. ಹಾಲು ಕದ್ದು ಕುಡಿದ ಬೆಕ್ಕಿನ ಹಾಡಂತೆ.

ಅನುಮಾನ ಒಂದೇ ಕಡೆಯದಾಗಿರಲಿಲ್ಲ. ಈ ಹೆಂಗಸು ಮಕ್ಕಳನ್ನು ಮಾರುತ್ತಾಳೆಂದು ಶೆಡ್ಡುಗಳಲ್ಲಿ ಪುಕಾರು ಹಬ್ಬಿತ್ತು. ಒಡಿಶಾದ ಮಯೂರ್‌ಭಂಜ್ ಕಡೆಯ ಸೀತಾಮುನಿ ಎಂಬ ತಾಯಿ ಮಗಳನ್ನು ಒಳಗೆ ಬಿಟ್ಟು, ಕೂಲಿಯನ್ನೂ ಬಿಟ್ಟು, ದಿನವಿಡೀ ಕಿಟಕಿಯ ಹೊರಗೆ ನಿಂತಿದ್ದಳು. "ನಿಂತ್ಕೊಳ್ಳಲಿ ಅಂತ ಸುಮ್ನಾದೆ. ನನ್ ಮಗು ಆಗಿದ್ರೆ ನಾನೂ ನಿಂತ್ಕೋತಿದ್ದೆ. ಮಧ್ಯಾಹ್ನ ಕಿಟಕೀಲೇ ಒಂದು ತಟ್ಟೆ ಅನ್ನ ಕೊಟ್ಟೆ. ಮಗು ಉಂಡ ಮೇಲೆ ಉಂಡ್ಲು" ಎಂದು ಮಹಾಲಕ್ಷ್ಮಮ್ಮ ನೆನೆಯುತ್ತಾರೆ. ಕೆಲವು ದಿನಗಳ ನಂತರ ಕಿಟಕಿಯ ಬಳಿ ಯಾರೂ ನಿಲ್ಲಲಿಲ್ಲ.

ಮನೆಯಲ್ಲಿ ಬೇರೆಯದೇ ಕಾವಲು. ಬಹಳ ದಿನ ತಿಮ್ಮರಾಜು, ಹೆಂಡತಿ ಸ್ನಾನಕ್ಕೆ ಹೋದಾಗ ಆಕೆಯ ಬ್ಯಾಗು ತೆಗೆದು ನೋಡುತ್ತಿದ್ದರು. ಶಿಲುಬೆಯೋ ಪುಸ್ತಕವೋ ಸಿಗಬಹುದೆಂದು. ಟಿಫನ್ ಬಾಕ್ಸು, ಬಸ್ಸಿನ ಟಿಕೆಟ್ಟು, ಅಮೃತಾಂಜನದ ಡಬ್ಬಿ ಬಿಟ್ಟರೆ ಏನೂ ಸಿಗಲಿಲ್ಲ. "ನೋಡ್ತಾವ್ರೆ ಅಂತ ನಂಗೊತ್ತಿತ್ತು. ಬಾಯ್ಬಿಟ್ಟು ಕೇಳಿದ್ರೆ ಜಗಳ ಆಗ್ತಿತ್ತು. ನೋಡ್ಕೊಳ್ಳಲಿ ಬುಡು ಅಂತ ಜಿಪ್ ಹಾಕ್ದೇನೇ ಇಡ್ತಿದ್ದೆ."

ಪೆಟ್ಟು ಬಿದ್ದದ್ದು ಕಳೆದ ವರ್ಷ, ಮಂಜುಶ್ರೀಗೆ ಕುಣಿಗಲ್ಲಿನ ಸಂಬಂಧ ಕೂಡಿಬಂದಾಗ. ಹುಡುಗ ಬಸ್ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ನೋಡಿ ಹೋದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುವಷ್ಟು ಒಪ್ಪಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡುವ ಹೊತ್ತಿಗೆ ಹುಡುಗನ ತಂದೆ ಗಂಗರಾಜು ಅವರ ಕಿವಿಗೆ ಯಾರೋ ಊದಿದರು: ಹುಡುಗಿಯ ತಾಯಿ ಮತ ಬಿಟ್ಟಿದ್ದಾಳೆ.

ಗಂಗರಾಜು ಫೋನು ಮಾಡಿದರು. ಮಹಾಲಕ್ಷ್ಮಮ್ಮ ಒಂದೇ ಮಾತು ಹೇಳಿದರು: "ಬಂದು ನೋಡಿ ಅಣ್ಣ. ಹೇಳ್ದೆ ಕೇಳ್ದೆ ಬನ್ನಿ. ಯಾವತ್ತಾದ್ರೂ ಬನ್ನಿ."

ಅವರು ಹಾಗೆಯೇ, ಹೇಳದೆ ಕೇಳದೆ ಬಂದರು. ಆದರೆ ಬಂದ ದಿನ ಸರಿಯಿರಲಿಲ್ಲ. ಸುಗುಣಾನಂದ ಗುಬ್ಬಿಯಲ್ಲಿ ಒಂದು ಸಾವಿಗೆ ಹೋಗಿದ್ದರು. ಅದೇ ಬೆಳಿಗ್ಗೆ ಹೊರ ಊರಿನ ಬೋಧಕರೊಬ್ಬರು, ಸಭೆಯ ಇಬ್ಬರು ಹಿರಿಯರೊಂದಿಗೆ, ಕಾರಿನಲ್ಲಿ ಬಂದಿಳಿದರು. ಕಾರಿನೊಳಗೆ ಜೋರಾಗಿ ಕ್ರೈಸ್ತ ಭಕ್ತಿಗೀತೆ. ಜೊತೆಗೊಬ್ಬ ಕ್ಯಾಮೆರಾದವನು. ಮಕ್ಕಳನ್ನು ಮಂಡಿಯೂರಿಸಿ, ಕೈ ಜೋಡಿಸಿ, ಕಣ್ಣು ಮುಚ್ಚಿಸಿ ನಾಲ್ಕು ಫೋಟೊ ತೆಗೆಯಬೇಕೆಂದರು. ದಾನ ಕೊಡುವವರಿಗೆ ತೋರಿಸಲು.

ಮಹಾಲಕ್ಷ್ಮಮ್ಮ ಹೊಸ್ತಿಲಿನ ಮೇಲೆ ನಿಂತರು. "ಅಯ್ನೋರು ಇಲ್ಲ ಸಾಮಿ. ಬಂದ್ಮೇಲೆ ಬನ್ನಿ."

"ಒಂದು ಪ್ರಾರ್ಥನೆ ಅಷ್ಟೇ ತಾಯಿ. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ."

"ಒಳ್ಳೇದಾಗ್ಲಿ ಅಂತ ನೀವು ನಿಮ್ಮ ಕಾರಲ್ಲಿ ಕೂತು ಮಾಡಿ. ಈ ಮಕ್ಕಳ ಅವ್ವಂದ್ರು ಅನ್ನ ಹಾಕು ಅಂತ ಬುಟ್ಟು ಹೋಗವ್ರೆ. ಬೇರೇದು ಮಾಡ್ಸು ಅಂತ ಹೇಳಿಲ್ಲ."

ಹಿರಿಯರೊಬ್ಬರು ಮುಂದೆ ಬಂದಾಗ ಆಕೆ ಒಳಗೆ ಸರಿದು ಚಿಲಕ ಹಾಕಿಕೊಂಡರು. ಮಕ್ಕಳು ಹೆದರದಿರಲೆಂದು ಅದೇ ಬೆಕ್ಕಿನ ಹಾಡು ಶುರು ಮಾಡಿದರು. ಅರ್ಧ ಗಂಟೆ ಹೊರಗೆ ಕಾದು, ಸಿಟ್ಟಿನಲ್ಲಿ ಕಾರು ಹೊರಟುಹೋಯಿತು.

ಕುಣಿಗಲ್ಲಿನಿಂದ ಬೈಕಿನಲ್ಲಿ ಬಂದ ಗಂಗರಾಜು ರಸ್ತೆಯಾಚೆ ನಿಂತಿದ್ದದ್ದು ಆಕೆಗೆ ಗೊತ್ತೇ ಇರಲಿಲ್ಲ. ಅವರಿಗೆ ಕಂಡದ್ದು ಬಾಗಿಲ ಮುಂದೆ ಶಿಲುಬೆಯ ಚಿತ್ರ ಅಂಟಿಸಿದ ಕಾರು. ಕೇಳಿದ್ದು ಭಕ್ತಿಗೀತೆ, ಮತ್ತು ಮುಚ್ಚಿದ ಬಾಗಿಲ ಹಿಂದೆ ಹಾಡುತ್ತಿದ್ದ ಮಕ್ಕಳ ದನಿ. ಹತ್ತಿರ ಬಂದು ಕೇಳಲಿಲ್ಲ. ಸಂಜೆ ತಿಮ್ಮರಾಜು ಅವರಿಗೆ ಫೋನು ಬಂತು. "ಕಣ್ಣಾರೆ ನೋಡಿದ್ವಿ. ಇನ್ನು ಮಾತು ಬೇಡ."

ಆ ವಾರವೇ ಸಭೆಯ ಹಿರಿಯರೂ ಕೂಡಿದರು. ನಮ್ಮ ಅತಿಥಿಗೆ ನಮ್ಮದೇ ಬಾಗಿಲು ಹಾಕಿದ ಹೆಂಗಸು ನಮಗೇಕೆ, ಆಕೆ ಯಾರ ಕಡೆಯವಳೋ ಯಾರು ಬಲ್ಲರು, ಇಲ್ಲಿನ ಸುದ್ದಿ ಹೊರಗೆ ಮುಟ್ಟಿಸುತ್ತಿದ್ದಾಳೇನೋ ಎಂದರು. ಸುಗುಣಾನಂದರ ಮಾತು ನಡೆಯಲಿಲ್ಲ. ಸ್ವಲ್ಪ ದಿನ ಬರಬೇಡಿ ಎಂದು ಮಹಾಲಕ್ಷ್ಮಮ್ಮನಿಗೆ ಹೇಳಿ ಕಳುಹಿಸಿದರು.

"ಇವ್ರು ನನ್ನನ್ನ ಅವ್ರೋಳು ಅಂದ್ರು, ಅವ್ರು ಇವ್ರೋಳು ಅಂದ್ರು. ಮನೇಲಿ ಮಗಳು ಮಾತು ಬುಟ್ಲು. ಅವಳಿಗೆ ಆ ಹುಡುಗ ಹಿಡಿಸಿದ್ದ, ಸುಳ್ಳು ಯಾಕೆ ಹೇಳ್ಲಿ. ನಾನು ಗೋಡೆ ನೋಡ್ಕೊಂಡು ಮಲಗ್ತಿದ್ದೆ" ಎನ್ನುವಾಗ ಆಕೆಯ ದನಿ ಕುಗ್ಗುತ್ತದೆ.

ಸಭೆಯವರು ತಮ್ಮಲ್ಲೇ ಒಬ್ಬ ಹೆಂಗಸನ್ನು ನೇಮಿಸಿದರು. ಒಳ್ಳೆಯವರೇ. ಆದರೆ ತಾಯಂದಿರು ಬಾಗಿಲವರೆಗೆ ಬಂದು, ಹೊಸ ಮುಖ ನೋಡಿ, ಮಕ್ಕಳನ್ನು ಎತ್ತಿಕೊಂಡು ವಾಪಸಾದರು. ಸೀತಾಮುನಿ ತನಗೆ ಬರುವಷ್ಟು ಕನ್ನಡದಲ್ಲಿ ಸುಗುಣಾನಂದರಿಗೆ ಹೇಳಿದಳು: "ಅಮ್ಮ ಇಲ್ಲ, ಮಗು ಇಲ್ಲ." ಎರಡು ದಿನಗಳಲ್ಲಿ ಶೆಡ್ಡಿನ ಕಂಬಗಳಿಗೆ ಮತ್ತೆ ಸೀರೆಗಳು ಬಿಗಿದುಕೊಂಡವು.

ಸುಗುಣಾನಂದ ಶೆಟ್ಟಿಹಳ್ಳಿಯ ಮನೆಗೆ ಬಂದಾಗ ಬೀದಿಯ ಕಿಟಕಿಗಳೆಲ್ಲ ತೆರೆದವು. ಮಹಾಲಕ್ಷ್ಮಮ್ಮ ಅವರನ್ನು ಒಳಗೆ ಕರೆಯಲಿಲ್ಲ. ನಾಲ್ಕು ಜನಕ್ಕೆ ಕೇಳಿಸಲೆಂದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

"ಮಕ್ಕಳನ್ನ ಮತ್ತೆ ಕಟ್ಟಿಹಾಕಿದಾರಮ್ಮ. ನೀವು ಬರ್ಬೇಕು" ಎಂದರು ಅವರು.

"ಬರ್ತೀನಿ. ನನಗೆ ಕೊಟ್ಟ ಮಾತನ್ನ ಭಾನುವಾರ ನಿಮ್ಮ ಜನದ ಮುಂದೆ ಹೇಳಿ. ನಾನು ಬಂದು ಕೇಳಿಸ್ಕೋತೀನಿ."

ಒಳಗೆ ಕೇಳಿಸಿಕೊಳ್ಳುತ್ತಿದ್ದ ಮಂಜುಶ್ರೀ ಅಂದು ರಾತ್ರಿ ಊಟಕ್ಕೆ ಕುಳಿತಾಗ ಬಾಯಿಬಿಟ್ಟಳು. "ಈಗ ನೀನು ಕೆಲಸ ಬಿಟ್ರೆ ತಪ್ಪು ಮಾಡಿದ್ದಕ್ಕೇ ಬಿಟ್ಲು ಅಂತಾರೆ, ಕುಣಿಗಲ್‌ನೋರು ಹೇಳಿದ್ದೇ ನಿಜ ಅಂತಾಗುತ್ತಮ್ಮ. ಹೋಗು. ನಾನೂ ಬರ್ತೀನಿ."

ಹುಟ್ಟಿದ ಮೇಲೆ ಚರ್ಚಿನೊಳಗೆ ಮಹಾಲಕ್ಷ್ಮಮ್ಮ ಕಾಲಿಟ್ಟದ್ದು ಅದೊಂದೇ ದಿನ. ತಾಯಿ ಮಗಳು ಚಪ್ಪಲಿ ಬಿಟ್ಟು ಹಿಂದಿನ ಗೋಡೆಗೆ ಒರಗಿ ನಿಂತರು. ಕುಳಿತುಕೊಳ್ಳಲು ಯಾರೋ ಜಾಗ ಬಿಟ್ಟರೂ ಕುಳಿತುಕೊಳ್ಳಲಿಲ್ಲ. ಸುಗುಣಾನಂದ ಆರಾಧನೆಯ ನಡುವೆ ನಿಂತು ಹೇಳಿದರು: ಮಕ್ಕಳ ಮನೆಯಲ್ಲಿ ಅನ್ನ, ಸ್ನಾನ, ನಿದ್ದೆ, ಆಟ ಮಾತ್ರ, ಮಕ್ಕಳ ಕೈ ಜೋಡಿಸಿ ಫೋಟೊ ತೆಗೆಸಲು ಯಾರೂ ಬರಕೂಡದು, ಬಂದರೆ ಬಾಗಿಲು ಹಾಕುವ ಅಧಿಕಾರ ಮಹಾಲಕ್ಷ್ಮಮ್ಮನದು. ಕೆಲವರು ಎದ್ದು ಹೊರನಡೆದರು. ಆ ತಿಂಗಳಿನಿಂದ ದಾನವೂ ಇಳಿಯಿತು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಹಿಂದೆ ಬಂದು ಮಂಜುಶ್ರೀಯ ಕೈ ಅದುಮಿ ಹೋದರು.

"ನಾವು ಒಳ್ಳೇದು ಮಾಡ್ತಿದ್ದೀವಿ ಅಂತ ನಮ್ಮನ್ನ ನಾವೇ ನಂಬಿಬಿಟ್ಟಿದ್ವಿ" ಎನ್ನುತ್ತಾರೆ ಸುಗುಣಾನಂದ. "ಆಯಮ್ಮ ನಂಬಲ್ಲ. ದಿನಾ ನೋಡ್ತಾರೆ. ನನಗೆ ಅದು ಕಷ್ಟಾನೂ ಹೌದು."

ಕುಣಿಗಲ್ಲಿನವರು ಮತ್ತೆ ಬರಲಿಲ್ಲ. ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಮಂಜುಶ್ರೀ ಈಗ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ರಜೆಯ ದಿನ ಬಂದು ಮಕ್ಕಳ ತಲೆ ಬಾಚುತ್ತಾಳೆ. ತಿಮ್ಮರಾಜು ಬ್ಯಾಗು ನೋಡುವುದನ್ನು ಬಿಟ್ಟಿದ್ದಾರೆ. ಮೊನ್ನೆ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಮಕ್ಕಳ ಮನೆಯ ವಿಡಿಯೊ ಮಾಡಿಕೊಂಡು ಹೋದರು. ಯಾರು, ಯಾಕೆ, ತಿಳಿಯದು. ಅಂದಿನಿಂದ ಮಹಾಲಕ್ಷ್ಮಮ್ಮ ಬೈಕಿನ ಸದ್ದಾದರೆ ಸೌಟು ಹಿಡಿದೇ ಬಾಗಿಲಿಗೆ ಬರುತ್ತಾರೆ.

ಈಗಲಾದರೂ ಸಭೆಯವರ ಮೇಲೆ ನಂಬಿಕೆ ಬಂದಿದೆಯೇ ಎಂದರೆ ಆಕೆ ಅಕ್ಕಿಯ ಕಲ್ಲು ಆರಿಸುತ್ತಲೇ ಯೋಚಿಸುತ್ತಾರೆ. "ಅಯ್ನೋರು ಒಳ್ಳೇರು. ನಾಳೆ ಅವ್ರು ವರ್ಗ ಆಗಿ ಇನ್ಯಾರೋ ಬರ್ತಾರೆ. ಅವ್ರನ್ನೂ ನೋಡ್ತೀನಿ."

ತಮಗಾಗಿ ಏನು ಬೇಕೆಂಬ ಪ್ರಶ್ನೆ ಆಕೆಗೆ ಅರ್ಥವಾಗುವುದಿಲ್ಲ. ಎರಡು ಸಲ ಕೇಳಿದ ಮೇಲೆ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಧೂಳೆಬ್ಬಿಸುತ್ತ ಸಿಮೆಂಟಿನ ಲಾರಿಯೊಂದು ಹೋಗುತ್ತಿದೆ.

"ಮುಂದೆ ಒಂದು ಕಾಂಪೌಂಡ್ ಆಗ್ಬೇಕು. ಮಕ್ಕಳು ದಾಟ್ದಂಗಿದ್ರೆ ಸಾಕು, ಎತ್ತರ ಕಟ್ಸೋದು ಬ್ಯಾಡ. ದಾರೀಲಿ ಹೋಗೋರು ನಿಂತು ನೋಡಿದ್ರೆ ಒಳಗೆ ನಾವು ಏನ್ ಮಾಡ್ತಿದೀವಿ ಅಂತ ಕಾಣ್ಬೇಕು."