ಹುರುಳಿ ಹರಡಿದ ರಸ್ತೆ

ಗೆಳೆಯರೇ, ಇವತ್ತು ಬೆಳಿಗ್ಗೆ ಚೇಳೂರು ರಸ್ತೆಯಲ್ಲಿ ಚೆನ್ನಾಗಿರುವ ಬೈಕನ್ನು ತಳ್ಳಿಕೊಂಡು ಹೋಗುತ್ತಿದ್ದ ಮುದುಕನನ್ನು ಯಾರಾದರೂ ನೋಡಿದ್ದರೆ, ಅದು ನಾನೇ.

ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು, ಓಡಾಡುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ನಾನು ಇಳಿದದ್ದು ಕಂಡು ರೈತ ನಕ್ಕ. "ಮ್ಯಾಲೇ ಓಡ್ಸಿ ಸಾರ್, ಏನೂ ಆಗಕಿಲ್ಲ."

ಈ ಮಾತನ್ನು ಎಂಬತ್ನಾಲ್ಕನೇ ಇಸವಿಯಲ್ಲಿ, ಇದೇ ರಸ್ತೆಯಲ್ಲಿ, ನಾನೇ ಹೇಳಿದ್ದೆ. ಅವತ್ತು ಹರಡಿದ್ದು ನಮ್ಮ ಹೊಲದ ಹುರುಳಿ. ನಮ್ಮೂರ ಶಾಲೆಯ ಮೇಷ್ಟ್ರು ತಮ್ಮ ಹೊಸ ಮೋಟಾರ್ ಸೈಕಲ್ಲಿನಿಂದ ಇಳಿದು ತಳ್ಳಲು ಹೊರಟಿದ್ದರು. "ನಿಮ್ ಗಾಡಿನೂ ಒಂದ್ಸಲ ತುಳೀಲಿ ಬುಡಿ ಮೇಷ್ಟ್ರೇ, ಏನೂ ಆಗಕಿಲ್ಲ" ಎಂದೆ. ನನ್ನ ಮಾತಿಗೆ ಕಟ್ಟುಬಿದ್ದು ಹತ್ತಿದರು. ಹುರುಳಿಯ ನಡುವೆ ಬಂದಾಗ ಹೆದರಿ ಬ್ರೇಕ್ ಒತ್ತಿದರು. ಚಕ್ರ ಜಾರಿ, ಗಾಡಿ ಅವರ ಮೊಣಕಾಲಿನ ಮೇಲೆಯೇ ಬಿತ್ತು.

ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತಿತ್ತು. ನಾನು ಓಡಿಹೋಗಿ ಮೊದಲು ಹುರುಳಿಯನ್ನು ಆಚೆಗೆ ಎಳೆದೆ. ಆಮೇಲೆ ಗಾಡಿ ಎತ್ತಿದೆ. ಮೇಷ್ಟ್ರನ್ನು ಎತ್ತಿದ್ದು ಕೊನೆಗೆ.

ಅವರು ಹಲ್ಲು ಕಚ್ಚಿಕೊಂಡೇ ಕೇಳಿದರು, "ಹುರುಳಿಗೆ ಪೆಟ್ರೋಲ್ ತಾಗ್ಲಿಲ್ಲ ತಾನೇನಪ್ಪಾ?" ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ನಿವೃತ್ತಿಯವರೆಗೂ ಅವರು ಕುಂಟಿಕೊಂಡೇ ಶಾಲೆಗೆ ಬಂದರು. ನಮ್ಮ ಹುರುಳಿಯಲ್ಲಿ ಒಂದು ಕಾಳೂ ಹಾಳಾಗಲಿಲ್ಲ.