ಹೊಟ್ಟೆ ಸಿಸ್ಟರ್

ಹೊಸಕೋಟೆಯ ಆಸ್ಪತ್ರೆಯೊಂದರ ತುರ್ತು ವಾರ್ಡಿನಲ್ಲಿ ಹನ್ನೆರಡು ವರ್ಷಗಳಿಂದ ನರ್ಸ್ ಆಗಿರುವ ಸಂಘಮಿತ್ರರಿಗೆ ‘ಹೊಟ್ಟೆ ಸಿಸ್ಟರ್’ ಎಂದೇ ಅಡ್ಡಹೆಸರು. ಯಾರೇ ತಲೆ ಒಡೆದುಕೊಂಡು ಬಂದರೂ ಅವರು ಮೊದಲು ಉಸಿರು ನೋಡಿ, ಆಮೇಲೆ ಹೊಟ್ಟೆ ಒತ್ತಿ ನೋಡುವರು. ಎಲ್ಲರ ಕಣ್ಣೂ ತಲೆಯ ಗಾಯದ ಮೇಲಿರುವಾಗ, ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರಿ ಸತ್ತವರನ್ನು ಅವರು ಕಂಡಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಸೊಪ್ಪು ಮಾರುವ ಅಪ್ಪಯ್ಯಣ್ಣ, ನಾಯಿಯೊಂದನ್ನು ತಪ್ಪಿಸಲು ಹೋಗಿ ಮೊಪೆಡ್ಡಿನಿಂದ ಬಿದ್ದು, ಹಣೆಗೆ ಟವೆಲ್ ಸುತ್ತಿಕೊಂಡು ಬಂದರು.

“ಬೇಗ ಹೊಲಿಗೆ ಹಾಕಿ ಕಳ್ಸಮ್ಮ, ಕೊತ್ತಂಬ್ರಿ ಬಾಡೋಯ್ತದೆ.”

ಸಂಘಮಿತ್ರ ಹೊಟ್ಟೆಯ ಮೇಲೆ ಕೈಯಿಟ್ಟರು.

“ಅಯ್ಯೋ, ಏಟು ಬಿದ್ದಿರೋದು ತಲೆಗೆ ಕಣಮ್ಮ! ಹೊಟ್ಟೇಲಿರೋದು ಬರೀ ಎರಡು ಇಡ್ಲಿ.”

“ಇಡ್ಲಿ ತಿಂದ್ರೆ ಹೊಟ್ಟೆ ಹಿಂಗೆ ಕಲ್ಲಾಗಲ್ಲ, ಯಜಮಾನ್ರೇ.”

ಹಾಗೆಂದು ನಗುತ್ತಲೇ ಸಂಘಮಿತ್ರ ಅವರ ಕೈ ಹಿಡಿದು ನೋಡಿದರು. ಅಪ್ಪಯ್ಯಣ್ಣನ ಅಂಗೈ ತಣ್ಣಗಿತ್ತು, ನಾಡಿ ಓಡುತ್ತಿತ್ತು. ಡಾಕ್ಟರನ್ನು ಕೂಗಿ ಕರೆದರು. ಸ್ಕ್ಯಾನ್ ಮಾಡಿದಾಗ, ಹ್ಯಾಂಡಲ್ ಬಡಿದು ಹೊಟ್ಟೆಯ ಎಡಗಡೆಯ ಗುಲ್ಮ (ಸ್ಪ್ಲೀನ್) ಹರಿದು, ಒಳಗೇ ರಕ್ತ ಸೋರುತ್ತಿದ್ದುದು ಕಂಡಿತು. ಅರ್ಧ ಗಂಟೆಯೊಳಗೆ ಆಪರೇಷನ್ ಶುರುವಾಯಿತು. ಅದು ಮುಗಿಯುವವರೆಗೂ ಸಂಘಮಿತ್ರ ಕಾಫಿಯನ್ನೂ ಕುಡಿಯಲಿಲ್ಲ.

ನಾಲ್ಕನೇ ದಿನ ಅಪ್ಪಯ್ಯಣ್ಣ ದಿಂಬಿಗೆ ಒರಗಿಕೊಂಡು ತಕರಾರು ತೆಗೆದರು: “ಏಟು ಬಿದ್ದ ತಲೆಗೆ ಮೂರೇ ಹೊಲಿಗೆ, ಹೊಟ್ಟೆಗೆ ಇಪ್ಪತ್ತು. ಇದ್ಯಾವ ಲೆಕ್ಕ ಸಿಸ್ಟರ್?”

ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದ ಹೆಂಡತಿ ಮುನಿತಾಯಮ್ಮ ತಲೆಯೆತ್ತದೆ ಅಂದರು: “ತಲೇಲಿ ಏನಾದ್ರೂ ಇದ್ದಿದ್ರೆ ತಾನೇ ಜಾಸ್ತಿ ಹೊಲಿಯೋಕೆ!”

ವಾರ್ಡಿನಲ್ಲಿ ಯಾರೂ ಗಲಾಟೆ ಮಾಡಬಾರದೆಂದು ಗದರುವ ಸಂಘಮಿತ್ರರೇ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟರು.