ಮಾವನವರ ಸಣ್ಣ ವಿಮಾನ

ನಮ್ಮ ಮಾವನವರ ಎಡಗೈಯ ಕೊನೆಯ ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮುಂಗೈಯಿಂದ ಮೊಣಕೈವರೆಗಿನ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಕಾಫಿ ಲೋಟವನ್ನು ಅವರು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರು. ಮದುವೆಯಾಗಿ ಬಸವೇಶ್ವರನಗರದ ಆ ಮನೆಗೆ ಬಂದ ಹೊಸತರಲ್ಲಿ ಗಂಡನನ್ನು ಕೇಳಿದೆ. ಮಿಲಿಟರಿಯಲ್ಲಿದ್ದಾಗ ಏನೋ ಆಕ್ಸಿಡೆಂಟ್ ಆಗಿತ್ತಂತೆ ಎಂದರು. ಅಪ್ಪನ ಕೈಯ ಬಗ್ಗೆ ಮಗನಿಗೆ ಗೊತ್ತಿದ್ದುದು ಅಷ್ಟೇ.

ಮಾವನವರದು ಸದಾ ದಣಿದ ಮುಖ. ಸೈನ್ಯ ಬಿಟ್ಟ ಮೇಲೆ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಆಫೀಸರಾಗಿದ್ದು ನಿವೃತ್ತರಾಗಿದ್ದರು. ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದು ನೀರು ನೋಡುವುದು, ಟ್ಯಾಂಕರ್‌ನವನಿಗೆ ಫೋನ್ ಮಾಡುವುದು, ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಕುರ್ಚಿಯಲ್ಲೇ ತೂಕಡಿಸುವುದು, ಇವಿಷ್ಟು ದಿನಚರಿ. ನೀರು ಬರಲಿಲ್ಲವೆಂದರೂ, ಕೆಳಗಿನ ಮನೆಯ ಬಾಡಿಗೆಯವರು ಜಗಳಕ್ಕೆ ಬಂದರೂ, 'ಆಯ್ತು ಬಿಡಮ್ಮ' ಎನ್ನುತ್ತಿದ್ದರು. ಅದು ಸಮಾಧಾನದ ಮಾತಲ್ಲ, ಸುಸ್ತಿನ ಮಾತು ಎಂದು ನನಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು.

ಅತ್ತೆ ತೀರಿಕೊಂಡ ಮೇಲೆ ಹಗಲಿಡೀ ಮನೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಅವರೆಕಾಯಿ ಬಿಡಿಸುತ್ತಾ ಕುಳಿತಾಗ ನಾನು ಒಂದೊಂದೇ ಕೇಳುತ್ತಿದ್ದೆ, ಅವರು ಒಂದೊಂದೇ ಹೇಳುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಹಾರಿಸುತ್ತಿದ್ದುದು ಬಂದೂಕಿಲ್ಲದ, ಬಾಂಬಿಲ್ಲದ, ಮುಂದೊಂದು ಹಿಂದೊಂದು ಸೀಟಿನ ಸಣ್ಣ ವಿಮಾನ. ನಕ್ಷೆ, ಟಪಾಲು, ಆಫೀಸರು, ಕೆಲವೊಮ್ಮೆ ಗಾಯಾಳು, ಇವನ್ನು ಒಂದು ಶಿಬಿರದಿಂದ ಇನ್ನೊಂದಕ್ಕೆ ಮುಟ್ಟಿಸುವುದು ಅದರ ಕೆಲಸ. ಗದ್ದೆ ಬಯಲಿದ್ದರೂ ಸಾಕು, ಇಳಿಯುತ್ತಿತ್ತಂತೆ. "ನಾನೇನು ಯುದ್ಧ ಮಾಡ್ಲಿಲ್ಲ ಕಣಮ್ಮ, ಆಟೋ ಓಡಿಸ್ದೆ. ಮೇಲೆ ಓಡಿಸ್ದೆ, ಅಷ್ಟೆ" ಎಂದು ಒಮ್ಮೆ ನಕ್ಕಿದ್ದರು.

ಅವರ ಕೈಗೆ ಬರುವ ಹೊತ್ತಿಗೆ ಆ ವಿಮಾನಕ್ಕೆ ವಯಸ್ಸಾಗಿತ್ತು. ಹಿಂದಿನ ಯುದ್ಧವೊಂದರಲ್ಲಿ ಅದರ ರೆಕ್ಕೆಗೆ ಗುಂಡು ತಾಗಿತ್ತು. ಮೈಯೆಲ್ಲ ಕಬ್ಬಿಣದ ಕೊಳವೆಗಳ ಮೇಲೆ ಬಿಗಿದ ಬಟ್ಟೆ, ಹಾಗಾಗಿ ತೇಪೆ ಹಾಕಿ ಬಣ್ಣ ಬಳಿದಿದ್ದರು. ಆಮೇಲೆ ಹೊಸ ಹುಡುಗರಿಗೆ ಹಾರಾಟ ಕಲಿಸಲು ಬಳಸಿದರು. ಎಂಜಿನ್ ಕೆಟ್ಟ ಮೇಲೆ ಶೆಡ್ಡಿಗೆ ತಳ್ಳಿದರು. ಮತ್ತೆ ಯುದ್ಧ ಬಂದಾಗ ಬೇರೆ ಎಂಜಿನ್ ಕೂರಿಸಿ ಹೊರಗೆಳೆದರು. ಪಾಪ, ಅದಕ್ಕೂ ಯಾರೂ ರಜೆ ಕೊಡಲಿಲ್ಲ ಎನ್ನುವರು. ಅದು ಬಿದ್ದದ್ದು ಹೇಗೆ ಎಂದು ಕೇಳಿದರೆ ಮಾತ್ರ, ಬಿತ್ತು ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದರು.

ಒಂದು ಭಾನುವಾರ ಬಾಗಿಲಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ನಿಂತಿದ್ದರು. ಜೊತೆಗೆ ಊಟ ತಲುಪಿಸುವ ಕಂಪನಿಯ ಟೀ ಶರ್ಟು ತೊಟ್ಟ ಮಗ. ಬಾಗಲಕೋಟೆ ಕಡೆಯವರು, ಈಗ ಮಾರೇನಹಳ್ಳಿಯಲ್ಲಿ ಬಾಡಿಗೆಗಿದ್ದಾರೆ. ಆಕೆಯ ಅಣ್ಣ ಆ ಯುದ್ಧದಲ್ಲಿ ಸತ್ತ ಸಿಪಾಯಿ. ಯುದ್ಧದಲ್ಲಿ ತೀರಿಕೊಂಡ ಎಂದಷ್ಟೇ ಮನೆಗೆ ತಿಳಿಸಿದ್ದರು. ಗಾಯಗೊಂಡವನನ್ನು ಸಣ್ಣ ವಿಮಾನಕ್ಕೆ ಹತ್ತಿಸಿದ್ದು ನೋಡಿದ್ದೆ ಎಂದು ಅವನ ಜೊತೆಯವನೊಬ್ಬ ಬಹಳ ವರ್ಷಗಳ ಮೇಲೆ ಹೇಳಿದ್ದನಂತೆ. ನಿವೃತ್ತ ಸೈನಿಕರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಮಗ ನಮ್ಮ ಮನೆ ಪತ್ತೆ ಮಾಡಿದ್ದ.

ನನ್ನ ಗಂಡ ಅಂದು ಮೈಸೂರಿಗೆ ಹೋಗಿದ್ದರು. ಮಾವನವರು ಟೀವಿ ಆರಿಸಲು ನನಗೆ ಹೇಳಿ, ಆ ತಾಯಿಯ ಮುಖವನ್ನೇ ನೋಡಿದರು.

"ಯಾರಾದ್ರೂ ಬರ್ತಾರೆ ಅಂತ ಇಷ್ಟು ವರ್ಷ ಹೆದರ್ಕೊಂಡೇ ಇದ್ದೆ ಅಮ್ಮ. ಕೂತ್ಕೊಳಿ" ಎಂದರು.

ಆಮೇಲೆ ವಿಮಾನದ ತೇಪೆಯ ಕಥೆಯಿಂದ ಶುರುಮಾಡಿ, ನನಗೂ ಹೇಳದಿದ್ದುದನ್ನು ಹೇಳಿದರು. ಸಿಪಾಯಿಗೆ ತೊಡೆಗೆ ಗುಂಡು ಬಿದ್ದಿತ್ತು. ಮಂಜು ಇನ್ನೂ ಕರಗದ ಬೆಳಿಗ್ಗೆ, ದೊಡ್ಡ ಆಸ್ಪತ್ರೆಗೆ ಒಯ್ಯಲು ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಜ್ವರದಲ್ಲಿ ಪಕ್ಕಕ್ಕೆ ಜಾರುತ್ತಿದ್ದ. ಬೆಲ್ಟ್ ಸಾಲದೆಂದು ಮಾವನವರೇ ಹಗ್ಗ ತಂದು ಬಿಗಿದರು. ನೋವಾದಾಗ ಅವನು 'ಯವ್ವಾ' ಎಂದ. ತಿಂಗಳುಗಟ್ಟಲೆ ಕನ್ನಡ ಕೇಳದಿದ್ದ ಇಬ್ಬರಿಗೂ ಅಲ್ಲಿಂದ ಮಾತು ಶುರುವಾಯಿತು. ಎಂಜಿನ್ ಸದ್ದಿನಲ್ಲೇ ಕೂಗಿಕೊಂಡು ಮಾತಾಡಿದರು. ಮಂಜಿನ ಸಂದಿಯಲ್ಲಿ ಕೆಳಗೆ ನದಿ ಕಂಡಾಗ, ನಮ್ಮ ಕೃಷ್ಣೆಯಂತೆಯೇ ಇದೆ ಎಂದನಂತೆ. ತಂಗಿ ಹಟಮಾರಿ, ಆದರೆ ಜಾಣೆ, ಅವಳನ್ನು ಶಾಲೆ ಬಿಡಿಸಬೇಡಿ ಎಂದು ಮನೆಯಲ್ಲಿ ಹೇಳಿ ಬಂದಿದ್ದೇನೆ ಎಂದನಂತೆ.

"ನನ್ನ ಸಾಲಿ ಬಿಡಿಸಿದ್ರು" ಎಂದರು ಆಕೆ. "ಅಂವ ಸತ್ತ ವರ್ಷನ ಬಿಡಿಸಿದ್ರು."

ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಗದ್ದೆಯಲ್ಲಿ ಇಳಿಸಲು ಹೋದರೆ ಮಂಜಿನಲ್ಲಿ ಬದು ಕಾಣಲಿಲ್ಲ. ವಿಮಾನ ಮಗುಚಿ ಬಿದ್ದು ಅದರ ಹೊದಿಕೆಯ ಬಟ್ಟೆಗೆ ಬೆಂಕಿ ಹತ್ತಿತು. ಮಾವನವರು ತಾವು ಹೊರಬಿದ್ದು, ಅವನ ಕಡೆ ಕೈ ಚಾಚಿದರು. ಬೆಲ್ಟ್ ಬಿಚ್ಚಿತು.

"ಹಗ್ಗ ಬಿಚ್ಚಕ್ಕಾಗ್ಲಿಲ್ಲಮ್ಮ. ಗಂಟು ನಾನೇ ಹಾಕಿದ್ದು" ಎಂದರು.

ಆಕೆಯ ಮಗ ತಲೆ ತಗ್ಗಿಸಿದ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಆ ತಾಯಿ ಸೆರಗನ್ನು ಮಡಿಲಲ್ಲಿಟ್ಟು ಮಡಿಸುತ್ತಾ, ಬಿಚ್ಚುತ್ತಾ ಕುಳಿತರು.

"ಸಿಟ್ಟು ಬರತೈತ್ರಿ ನನಗ. ಯಾರ ಮ್ಯಾಲ ಅಂತ ತಿಳೀವಲ್ದು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಕನ್ನಡದಾಗ ಮಾತಾಡ್ಕೋತ ಹೋದ್ನಲ್ರಿ. ನಾನು ಅಂವ ಒಬ್ಬನ ಇದ್ದ ಅಂತ ತಿಳದಿದ್ದೆ" ಎಂದರು.

ನಾನು ಕೊಟ್ಟ ಕಾಫಿ ಕುಡಿದು ಹೊರಟರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಮಾವನವರೂ ಕೇಳಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕರೆದು, ಮಗನಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದರು. ನಾನು ಒಪ್ಪಿಕೊಂಡೆ.

ಆಮೇಲೆ ಆಕೆ ಆಗಾಗ, ನನ್ನ ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಬರತೊಡಗಿದರು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದರು. ಮುದ್ದೆ ಉಂಡು ಬೆಳೆದ ಮಾವನವರು ಆ ಗಟ್ಟಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಂಡು ಉಳಿಸದೆ ತಿನ್ನುತ್ತಿದ್ದರು. ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಅವರು ಕುರ್ಚಿಯಲ್ಲಿ ತೂಕಡಿಸುವರು, ಆಕೆ ನೆಲದ ಮೇಲೆ ಗೋಡೆಗೊರಗಿ ಕುಳಿತಿರುವರು. ಮಗನ ಬೈಕಿನ ಹಾರನ್ ಕೇಳಿದಾಗ ಎದ್ದುಹೋಗುವರು.

ಹೋದ ಚಳಿಗಾಲದಲ್ಲಿ ಮಾವನವರು ನಿಮೋನಿಯಾದಿಂದ ತೀರಿಕೊಂಡರು. ಮಗನಿಗೆ ಹೇಳುತ್ತೇನೆಂದವರು ಹೇಳಿರಲಿಲ್ಲ. ನನಗದು ಆಶ್ಚರ್ಯವೆನಿಸಲಿಲ್ಲ. ಒಮ್ಮೆ ಹೇಳುವುದಕ್ಕೇ ಅವರಿಗೆ ಅರ್ಧ ಆಯಸ್ಸು ಹಿಡಿದಿತ್ತು.

ತಿಥಿಯ ದಿನ, ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೂ ಆಕೆ ಉಳಿದಿದ್ದರು. ಇವರು ಯಾರು, ಅಪ್ಪನಿಗೆ ಹೇಗೆ ಪರಿಚಯ ಎಂದು ನನ್ನ ಗಂಡ ಕೇಳಿದರು. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು, ವಿಮಾನಕ್ಕೆ ತೇಪೆ ಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದರು. ಹಗ್ಗದ ವಿಷಯ ಬಂದಾಗ, ಜಾರಿ ಬೀಳಬಾರದೆಂದು ನಿಮ್ಮಪ್ಪ ಕಟ್ಟಿದ್ದರು ಎಂದರು. ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ.

"ನಿಮಗೆ ಇದನ್ನ ಹೇಳುವಾಗ ಅಪ್ಪ ಅತ್ರಾ?"

"ಇಲ್ರಿ. ನಾನೂ ಅಳಲಿಲ್ಲ" ಎಂದರು ಆಕೆ. "ಇಬ್ಬರಿಗೂ ಸಾಕಾಗಿತ್ರಿ."